ಮಳೆಗಾಲ ದಾಟಿ ಪ್ರದರ್ಶನಕ್ಕೆ: ಕೊಡಗಿನಲ್ಲಿ ಅಮೂರ್ತ ಚಿತ್ರಗಳ ತಯಾರಿ

ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರದರ್ಶನವೆಂದು ನಿಶ್ಚಯವಾದರೆ, ಕೊಡಗಿನ ಕಲಾವಿದರು ಕೆಲಸಕ್ಕೆ ಕೂರಬೇಕಾದದ್ದು ಜೂನ್ ತಿಂಗಳಲ್ಲಿ, ಅಂದರೆ ಬಣ್ಣ ಒಣಗುವುದೇ ಕಷ್ಟವಾದ ಕಾಲದಲ್ಲಿ. ಆದ್ದರಿಂದ ಮಳೆಯಲ್ಲಿ ಮಾಡುವ ಕೆಲಸ ಯಾವುದು, ತುಲಾ ಸಂಕ್ರಮಣ ಕಳೆದ ಮೇಲೆ ಮಾಡುವುದು ಯಾವುದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಆಗಸ್ಟ್ ಮುಗಿಯುವವರೆಗೂ ಕ್ಯಾನ್ವಾಸ್ ಮುಟ್ಟದೆ, ದಪ್ಪ ಕಾಗದದ ಮೇಲೆ ಅಂಗೈಯಗಲದ ಅಭ್ಯಾಸಚಿತ್ರಗಳನ್ನಷ್ಟೇ ಮಾಡಿ, ಐವತ್ತಾದರೂ ಆಗಲಿ. ಮಂಜು, ಬೆಟ್ಟ, ಕಾಫಿಹೂವು ಎಂದು ಎಲ್ಲದಕ್ಕೂ ಕೈಹಾಕದೆ ಒಂದೇ ವಿಷಯವನ್ನು ಹತ್ತಿರದಿಂದ ನೋಡಿ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪು ಎಂಬ ಔಷಧಿಯ ಎಲೆಯನ್ನು ಬೇಯಿಸುವ ಪಾತ್ರೆಯೇ ಸಾಕು. ಹಸಿರೆಲೆಯಿಂದ ಇಳಿದ ರಸ ನಡುವೆ ಕಪ್ಪೆನಿಸುವಷ್ಟು ಗಾಢ ನೇರಳೆಯಾಗಿರುತ್ತದೆ, ಅಂಚಿನಲ್ಲಿ, ಸೌಟಿನಿಂದ ಜಾರುವ ತೆಳುಪದರದಲ್ಲಿ, ಬಹುತೇಕ ಗುಲಾಬಿಯಾಗಿ ಕಾಣುತ್ತದೆ. ಬಣ್ಣ ಒಂದೇ, ಬದಲಾದದ್ದು ಆಳ. ಚಿತ್ರಕ್ಕೆ ಬೇಕಾದದ್ದು ಪಾತ್ರೆಯೂ ಅಲ್ಲ, ಸೊಪ್ಪೂ ಅಲ್ಲ, ಈ ಆಳದ ವ್ಯತ್ಯಾಸ: ಒಂದೇ ಬಣ್ಣವನ್ನು ಎಷ್ಟು ಪದರಗಳಲ್ಲಿ ಹಚ್ಚಿದರೆ ಅದು ತನ್ನ ಹೆಸರನ್ನೇ ಕಳೆದುಕೊಳ್ಳುತ್ತದೆ ಎಂಬ ಪ್ರಶ್ನೆ. ಸೊಪ್ಪಿನ ರಸವನ್ನೇ ಬಳಸುವ ಆಸೆ ಬೇಡ, ಅಂತಹ ಬಣ್ಣ ಬೆಳಕಿಗೆ ಮಾಸುತ್ತದೆ. ಅಂಗಡಿಯಲ್ಲಿ ಸಿಗುವ ಕ್ವಿನಾಕ್ರಿಡೋನ್ ವಯಲೆಟ್ ಎಂಬ ಕೃತಕ ನೇರಳೆ ಬಣ್ಣ ಪಾರದರ್ಶಕವೂ ಹೌದು, ಬಾಳಿಕೆಯದೂ ಹೌದು.

ಮಾಧ್ಯಮದ ವಿಷಯದಲ್ಲಿ ನನ್ನ ಸಲಹೆ ಅಕ್ರಿಲಿಕ್, ಅಂದರೆ ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಅಂಟಿನ ಬಣ್ಣ. ತೈಲವರ್ಣ ಗಾಳಿಯ ಆಮ್ಲಜನಕದೊಡನೆ ಬೆರೆತು ಗಟ್ಟಿಯಾಗುತ್ತದೆ, ದಪ್ಪ ಪದರಕ್ಕೆ ಅದು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಕ್ರಿಲಿಕ್‌ನಲ್ಲಿ ನೀರು ಆವಿಯಾದರೆ ಸಾಕು. ಆದರೆ ಗಾಳಿಯೇ ಒದ್ದೆಯಾಗಿರುವಾಗ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿರುತ್ತದೆ, ಅವಸರದಿಂದ ಮೇಲೊಂದು ಪದರ ಎಳೆದರೆ ಕೆಳಗಿನದು ಕಿತ್ತು ಬರುತ್ತದೆ. ತೆಳುವಾಗಿ ಹಚ್ಚಿ, ಫ್ಯಾನ್ ಹಾಕಿ, ಒಂದು ರಾತ್ರಿ ಬಿಡಿ. ಒಣಗಿದಾಗ ಅಕ್ರಿಲಿಕ್ ಒಂದಿಷ್ಟು ಗಾಢವಾಗುವುದರಿಂದ, ಪ್ರತಿ ಮಿಶ್ರಣದ ಒಣ ಮಾದರಿಯನ್ನು ಚೀಟಿಯ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಒಮ್ಮೆ ಮೂರು ಕ್ಯಾನ್ವಾಸ್‌ಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿ ಹದಿನೈದು ದಿನ ಮರೆತಿದ್ದೆ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಬೂದು ಬೂಷ್ಟು, ಹೊಲಿಗೆಯ ಗುರುತಿನಂತೆ ಅಂಚಿನುದ್ದಕ್ಕೂ ಹರಡಿತ್ತು. ಈಗ ನೆಲದ ಮೇಲೆ ರೀಪು ಹಾಕಿ, ಗೋಡೆಯಿಂದ ಒಂದು ಗೇಣು ದೂರ ಇಡುತ್ತೇನೆ.

ಸೆಪ್ಟೆಂಬರ್‌ನಿಂದ, ಅಭ್ಯಾಸಚಿತ್ರಗಳಲ್ಲಿ ಆರೇಳನ್ನು ಮಾತ್ರ ಆರಿಸಿ ಕ್ಯಾನ್ವಾಸ್‌ಗೆ ತನ್ನಿ. ದೊಡ್ಡದು ಮಾಡುವುದೆಂದರೆ ಹಿಗ್ಗಿಸುವುದಲ್ಲ. ಅಂಗೈಯಗಲದಲ್ಲಿ ಜೀವಂತವಾಗಿದ್ದ ಗೆರೆ ನಾಲ್ಕು ಅಡಿಯಲ್ಲಿ ಸತ್ತಿರಬಹುದು, ಕೈಯ ಬದಲು ಭುಜದಿಂದ ಎಳೆಯಬೇಕಾಗುತ್ತದೆ, ಕುಂಚವೂ ಬದಲಾಗಬೇಕಾಗುತ್ತದೆ. ಭಾರತದ ಹೆಸರಾಂತ ಅಮೂರ್ತ ಚಿತ್ರಕಾರ ವಿ.ಎಸ್. ಗಾಯ್ತೊಂಡೆ (1924–2001) ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳನ್ನಷ್ಟೇ ಮುಗಿಸುತ್ತಿದ್ದರು. ಗೋಡೆ ತುಂಬಿಸುವ ಆತುರದಲ್ಲಿರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನವೆಂಬರ್‌ನಲ್ಲಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ. ಸಿಲ್ವರ್ ಓಕ್ ನೆರಳಿನ ಕೋಣೆಯಲ್ಲಿ ಬೆಳಕು ಹಸಿರಾಗಿ ಸೋಸಿ ಬರುತ್ತದೆ, ಅಲ್ಲಿ ಸರಿಹೊಂದಿದ ನೇರಳೆ ಗ್ಯಾಲರಿಯ ದೀಪದಡಿ ಕೆಂಪಾಗಿ ಕಾಣಬಹುದು. ಆದ್ದರಿಂದ ಗ್ಯಾಲರಿಯಲ್ಲಿ ಬಳಸುವ ಬಲ್ಬ್ ಯಾವುದೆಂದು ಕೇಳಿ, ಅಂತಹದೇ ಒಂದನ್ನು ತಂದು ರಾತ್ರಿ ನೋಡಿ. ಪಕ್ಕದ ಚಿತ್ರದ ಮಾತನ್ನೇ ಮತ್ತೆ ಆಡುವುದನ್ನು ಎಷ್ಟೇ ಪ್ರೀತಿಯಿದ್ದರೂ ತೆಗೆದಿಡಿ.

ಸಾಗಿಸುವಾಗ ಬಬಲ್ ರ‍್ಯಾಪ್ ನೇರವಾಗಿ ಮೇಲ್ಮೈಗೆ ತಾಗಬಾರದು. ಬಿಸಿ ಮತ್ತು ಒತ್ತಡಕ್ಕೆ ಅಕ್ರಿಲಿಕ್ ಮೆದುವಾಗಿ ಗುಳ್ಳೆಗಳ ಅಚ್ಚು ಮೂಡುತ್ತದೆ. ಮೊದಲು ಗ್ಲಾಸಿನ್ ಎಂಬ ನಯವಾದ ತೆಳು ಕಾಗದ, ಅದರ ಮೇಲೆ ರಟ್ಟು. ಬೆಂಗಳೂರಿಗೆ ತಲುಪಿದ ದಿನವೇ ಬಿಚ್ಚಿ, ಅಲ್ಲಿನ ಒಣಗಾಳಿಗೆ ಒಂದು ರಾತ್ರಿ ಹೊಂದಿಕೊಳ್ಳಲು ಬಿಡಿ. ಬೆಳಿಗ್ಗೆ ಬಟ್ಟೆ ಸಡಿಲವಾಗಿದ್ದರೆ ಚೌಕಟ್ಟಿನ ಮೂಲೆಯ ಮರದ ಬೆಣೆಗಳನ್ನು ಮೆಲ್ಲಗೆ ತಟ್ಟಿ ಬಿಗಿ ಮಾಡಿ, ಆಮೇಲೆ ಮೊಳೆಗೆ ತೂಗುಹಾಕಿ.