ಮನೆಯಲ್ಲಿ ಬಿಪಿ ಅಳೆಯುವುದು ಹೇಗೆ?

ತಲೆನೋವು, ತಲೆಸುತ್ತು ಬಂದರಷ್ಟೇ ಬಿಪಿ ಏರಿದೆ ಎಂದುಕೊಳ್ಳುವವರೇ ಹೆಚ್ಚು. ಬಹುಪಾಲು ಜನರಿಗೆ ಅಂಥ ಸೂಚನೆಯೇನೂ ಇರುವುದಿಲ್ಲ. ಅಳೆದೇ ನೋಡಬೇಕು, ಅದೂ ಸರಿಯಾಗಿ.

ಮಣಿಕಟ್ಟಿನ ಮಿಷನ್‌ಗಿಂತ ತೋಳಿಗೆ ಸುತ್ತುವ ಡಿಜಿಟಲ್ ಮಿಷನ್ ಒಳ್ಳೆಯದು. ಕೊಳ್ಳುವ ಮೊದಲು ಟೇಪು ಹಿಡಿದು ತೋಳಿನ ಸುತ್ತಳತೆ ನೋಡಿ. ಜೊತೆಗೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ತೋಳಿಗೆ ಮಾತ್ರ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಇಲ್ಲದ ಬಿಪಿ ಕಾಣುತ್ತದೆ. ಅಂಥವರು ದೊಡ್ಡ ಪಟ್ಟಿ ಕೇಳಿ ತೆಗೆದುಕೊಳ್ಳಬೇಕು.

ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ-ಸಿಗರೇಟು, ವಾಕಿಂಗ್ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿ: ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ಕೈಯನ್ನು ಮೇಜಿನ ಮೇಲಿಟ್ಟು, ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ. ಮೇಜು ತಗ್ಗಾಗಿದ್ದರೆ ದಿಂಬು ಇಡಿ, ಏಕೆಂದರೆ ಜೋತುಬಿದ್ದ ಕೈಯಲ್ಲಿ ಅಂಕಿ ಸುಮಾರು ಹತ್ತು ಹೆಚ್ಚಾಗಿಯೇ ಬರುತ್ತದೆ. ಪಟ್ಟಿಯನ್ನು ಬರಿತೋಳಿಗೇ ಸುತ್ತಬೇಕು. ಅದರ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಬಿಗಿಯಾಗಿ ಮಡಚಿದ ಶರ್ಟಿನ ತೋಳೂ ರಕ್ತದ ಹರಿವನ್ನು ಒತ್ತಿಹಿಡಿಯುತ್ತದೆ. ಮಿಷನ್ ಗಾಳಿ ತುಂಬುವಾಗ "ಎಷ್ಟು ಬಂತು?" ಎಂದು ಪಕ್ಕದವರು ಕೇಳುವುದು, ನೀವು ಉತ್ತರ ಕೊಡುವುದು, ಎರಡೂ ಬೇಡ. ಮಾತಿಗೂ ಬಿಪಿ ಏರುತ್ತದೆ.

ಮೊದಲ ದಿನ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಿ. ಬೆಳಿಗ್ಗೆ ತಿಂಡಿ-ಮಾತ್ರೆಗೆ ಮೊದಲು ಎರಡು ಸಲ, ರಾತ್ರಿ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆಯಿರಿ. ಹೀಗೆ ಏಳು ದಿನ. ಬಂದದ್ದನ್ನು ಬಂದ ಹಾಗೆ ಬರೆದಿಡಿ. 138ನ್ನು 130 ಮಾಡಿದರೆ ಡಾಕ್ಟರಿಗೆ ತೋರಿಸಿಯೂ ಪ್ರಯೋಜನವಿಲ್ಲ. ಮೊದಲ ದಿನದ್ದನ್ನು ಬಿಟ್ಟು ಉಳಿದುದರ ಸರಾಸರಿ ತೆಗೆಯಿರಿ. ಅದು 135/85 ಅಥವಾ ಹೆಚ್ಚಿದ್ದರೆ ಡಾಕ್ಟರನ್ನು ಕಾಣಿ. ಕ್ಲಿನಿಕ್ಕಿನಲ್ಲಿ ಹೇಳುವ 140/90 ಮನೆಯ ಅಳತೆಗೆ ಹೊಂದುವುದಿಲ್ಲ, ಅಲ್ಲಿನ ಗಾಬರಿಗೇ ಕೆಲವರ ಬಿಪಿ ಏರುತ್ತದೆ.

180/120 ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಇಳಿಯದಿದ್ದರೆ ಅಂದೇ ಡಾಕ್ಟರನ್ನು ಸಂಪರ್ಕಿಸಿ. ಜೊತೆಗೆ ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಕೈಕಾಲಿನ ಬಲ ಹೋಗುವುದು, ಕಣ್ಣು ಮಂಜಾಗುವುದು ಇದ್ದರೆ ಎರಡನೆಯ ಅಳತೆಗೂ ಕಾಯದೆ 108ಕ್ಕೆ ಕರೆ ಮಾಡಿ.

ಅಂಕಿ ಇಳಿಯಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಇಳಿದಿರುವುದು ಆ ಮಾತ್ರೆಯಿಂದಲೇ ಇರಬಹುದು.