ಹೆಚ್ಚು ಶಕ್ತಿಯ ಕಿಟ್ ಕಾರಿಗೆ ತಕ್ಕ ಟ್ರಾನ್ಸ್‌ಆಕ್ಸಲ್ ಆರಿಸುವ ಬಗೆ

ಬಿಡಿಭಾಗಗಳಿಂದ ನಾವೇ ಕಟ್ಟಿಕೊಳ್ಳುವ ಕಿಟ್ ಕಾರಿಗೆ, ಗೇರ್‌ಬಾಕ್ಸ್ ಮತ್ತು ಎರಡು ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ ಒಂದೇ ಹೌಸಿಂಗ್‌ನೊಳಗೆ (ಹೊರಕವಚದೊಳಗೆ) ಕೂಡಿರುವ ಟ್ರಾನ್ಸ್‌ಆಕ್ಸಲನ್ನು ಆರಿಸುವಾಗ ಎಂಜಿನ್ನಿನ ಹಾರ್ಸ್‌ಪವರ್ ಎಷ್ಟೆಂದು ಮೊದಲು ಕೇಳಬಾರದು. ಗೇರಿನ ಹಲ್ಲು ಮುರಿಯುವುದು ಟಾರ್ಕ್‌ನಿಂದ, ಎಂದರೆ ತಿರುಗಿಸುವ ಬಲದಿಂದ, ಅದಕ್ಕಿಂತಲೂ ಆ ಟಾರ್ಕ್ ಒಮ್ಮೆಲೇ ಬೀಳುವ ಪೆಟ್ಟಿನಿಂದ. ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತುವ ಲಾರಿಯ ಕ್ರೌನ್ ಪಿನಿಯನ್ (ಡಿಫರೆನ್ಶಿಯಲನ್ನು ತಿರುಗಿಸುವ ದೊಡ್ಡ ಮತ್ತು ಸಣ್ಣ ಗೇರುಗಳ ಜೋಡಿ) ನಿಧಾನದ ಏರನ್ನು ತಾಳಿಕೊಳ್ಳುತ್ತದೆ. ತಿರುವಿನಲ್ಲಿ ನಿಂತ ಗಾಡಿಯ ಕ್ಲಚ್ಚನ್ನು ಥಟ್ಟನೆ ಬಿಟ್ಟಾಗಲೇ ಅದಕ್ಕೆ ನಿಜವಾದ ಅಪಾಯ.

ಆದ್ದರಿಂದ ಟಯರಿನಿಂದ ಲೆಕ್ಕ ಆರಂಭಿಸಬೇಕು. ಹಿಂದಿನ ಗಾಲಿಗಳ ಮೇಲೆ 600 ಕಿಲೋ ಭಾರ, ಹಿಡಿತದ ಗುಣಾಂಕ 1, ಗಾಲಿಯ ತ್ರಿಜ್ಯ 0.3 ಮೀಟರ್ ಎಂದಿಟ್ಟುಕೊಂಡರೆ, ಜಾರುವ ಮುನ್ನ ಗಾಲಿಗಳು ತಡೆದುಕೊಳ್ಳುವ ಟಾರ್ಕ್ ಸುಮಾರು 1,760 ನ್ಯೂಟನ್ ಮೀಟರ್. ಮೊದಲ ಗೇರಿನ ಒಟ್ಟು ಅನುಪಾತ, ಎಂದರೆ ಬಾಕ್ಸ್ ಟಾರ್ಕನ್ನು ಹೆಚ್ಚಿಸುವ ಪಟ್ಟು, 10.5 ಇದ್ದರೆ ಗೇರ್‌ಬಾಕ್ಸಿನೊಳಗೆ 168 ನ್ಯೂಟನ್ ಮೀಟರ್ ಹೊಕ್ಕಾಗಲೇ ಟಯರು ಜಾರುತ್ತದೆ, 4.9 ಅನುಪಾತದ ಮೂರನೆಯ ಗೇರಿನಲ್ಲಿ ಈ ಮಿತಿ 359ಕ್ಕೆ ಏರುತ್ತದೆ. ಕೆಳಗಿನ ಗೇರಿನಲ್ಲಿ ಟಯರು ಬೇಗ ಜಾರಿ ಬಾಕ್ಸನ್ನು ಉಳಿಸುತ್ತದೆ, ಮೇಲಿನ ಗೇರಿನಲ್ಲಿ ಹಾಗಲ್ಲ. 400 ನ್ಯೂಟನ್ ಮೀಟರ್‌ನ ಎಂಜಿನ್ ಕೂರಿಸುವವರು ಮೂರನೆಯ ಮತ್ತು ಅದರ ಮೇಲಿನ ಗೇರುಗಳ ಬಲವನ್ನೇ ಮುಖ್ಯವಾಗಿ ವಿಚಾರಿಸಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಮುಂದೆ ಅಗಲವಾದ, ಮೆತ್ತನೆಯ ರೇಸಿಂಗ್ ಟಯರು ಹಾಕುವ ಮನಸ್ಸಿದ್ದರೆ ಆ ಹಿಡಿತಕ್ಕೂ ಈಗಲೇ ಲೆಕ್ಕ ಹಾಕಬೇಕು, ಏಕೆಂದರೆ ಜಾರಿ ಕಳೆದುಹೋಗುತ್ತಿದ್ದ ಪೆಟ್ಟನ್ನು ಆಮೇಲೆ ಹಲ್ಲುಗಳೇ ತಿನ್ನಬೇಕಾಗುತ್ತದೆ.

ಬಾಕ್ಸನ್ನು ಕಣ್ಣಾರೆ ನೋಡುವಾಗ ಎರಡು ಶಾಫ್ಟ್‌ಗಳ ನಡುವಿನ ಅಂತರ, ಹಲ್ಲಿನ ಅಗಲ ಮತ್ತು ಹೌಸಿಂಗ್‌ನ ಗಟ್ಟಿತನ ಇವನ್ನು ಗಮನಿಸಿರಿ. ಹೌಸಿಂಗ್ ಬಾಗಿದರೆ ಹಲ್ಲುಗಳು ಒಂದರಿಂದೊಂದು ದೂರ ಸರಿದು ತುದಿಯಲ್ಲಷ್ಟೇ ಕಚ್ಚುತ್ತವೆ, ಆಗ ಒಳ್ಳೆಯ ಉಕ್ಕಿನ ಗೇರೂ ಉಳಿಯುವುದಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಬಾಕ್ಸ್ ಹಗುರವಾದ ಬಗ್ಗಿಗೆ (ಚಿಕ್ಕ ತೆರೆದ ಕಾರಿಗೆ) ಸರಿ, ದೊಡ್ಡ ವಿ8 ಎಂಜಿನ್ನಿಗೆ ಅಲ್ಲ. ಫೋರ್ಡ್ ಜಿಟಿ40 ಮತ್ತು ಡಿ ಟೊಮಾಸೊ ಪ್ಯಾಂಟೆರಾ ಕಾರುಗಳಲ್ಲಿದ್ದ, ಜರ್ಮನಿಯ ಝಡ್‌ಎಫ್ ಕಂಪನಿಯ ಬಾಕ್ಸ್ ಅಂಥ ಎಂಜಿನ್ನಿಗೆ ಒಗ್ಗುತ್ತದೆ, ಆದರೆ ಬಹಳ ದುಬಾರಿ. 1987ರ ಮಾದರಿಯ ಪೋರ್ಷೆ 911ರೊಂದಿಗೆ ಬಂದ ಜಿ50 ಬಾಕ್ಸ್ ಕೂಡ ಗಟ್ಟಿಯಾದದ್ದು. 911ರಲ್ಲಿ ಎಂಜಿನ್ ಆಕ್ಸಲ್‌ನ ಹಿಂದಿರುವುದರಿಂದ, ಆ ಬಾಕ್ಸನ್ನು ಆಕ್ಸಲ್‌ನ ಮುಂದೆ ಎಂಜಿನ್ ಇರುವ ಕಾರಿಗೆ ಹಿಂದುಮುಂದಾಗಿ ಹಾಕುವಾಗ ಕ್ರೌನ್ ವೀಲ್‌ನ (ಡಿಫರೆನ್ಶಿಯಲ್‌ನ ದೊಡ್ಡ ಗೇರಿನ) ಮಗ್ಗುಲು ಬದಲಿಸಬೇಕು, ಇಲ್ಲವೇ ಬಾಕ್ಸನ್ನೇ ತಲೆಕೆಳಗಾಗಿ ಕೂರಿಸಬೇಕು. ಎರಡನ್ನೂ ಮಾಡದಿದ್ದರೆ ಮುಂದಕ್ಕೆ ಒಂದು, ಹಿಂದಕ್ಕೆ ಐದು ಗೇರು ಸಿಗುತ್ತವೆ.

ಹಳೆಯ ಬಾಕ್ಸ್ ಕೊಳ್ಳುವುದಾದರೆ ಡ್ರೇನ್ ಪ್ಲಗ್ ಬಿಚ್ಚಿಸಿ ನೋಡಿರಿ. ನುಣ್ಣನೆಯ ಬೂದುಬಣ್ಣದ ಪುಡಿ ಸಹಜ, ಚೂರುಗಳಿದ್ದರೆ ಬೇಡ.

ನಮ್ಮ ಕರಾವಳಿಯಲ್ಲಿ ಕಾರು ಕಟ್ಟಿ ಮುಗಿಯುವವರೆಗೆ ಬಾಕ್ಸನ್ನು ಕಾಯುವುದೂ ಒಂದು ಕೆಲಸ. ಕಾರವಾರದ ಶೆಡ್ಡಿನಲ್ಲಿ ಎಣ್ಣೆ ಬಸಿದು ಒಂದು ಮಳೆಗಾಲ ಇಟ್ಟಿದ್ದ ಬಾಕ್ಸನ್ನು ಬಿಚ್ಚಿದಾಗ ಬೇರಿಂಗ್‌ಗಳ ಮೇಲೆ ತುಕ್ಕಿನ ಚುಕ್ಕಿಗಳನ್ನು ಕಂಡು ನನಗೆ ಬಹಳ ಸಂಕಟವಾಯಿತು. ಅಂದಿನಿಂದ ಎಣ್ಣೆ ತುಂಬಿ, ಆಕ್ಸಲ್‌ನ ತೂತುಗಳನ್ನೂ ಗಾಳಿಕಿಂಡಿಯನ್ನೂ ಮುಚ್ಚಿ, ಶಾಫ್ಟ್‌ನ ಸ್ಪ್ಲೈನ್‌ಗಳಿಗೆ (ಉದ್ದುದ್ದದ ಹಲ್ಲುಗಳಿಗೆ) ಗ್ರೀಸು ಬಳಿದು, ಹದಿನೈದು ದಿನಕ್ಕೊಮ್ಮೆ ಶಾಫ್ಟನ್ನು ಕೈಯಿಂದ ತಿರುಗಿಸಿಡುತ್ತೇನೆ.