ಹೂಮಳೆಗೆ ಮೊದಲು ಒಂದು ಕೊಲೆ

ಕುಡಿತ ಬಿಡಲು ಹೆಣಗುತ್ತಿರುವವನನ್ನೇ ಪತ್ತೇದಾರನಾಗಿ ಮಾಡಿಕೊಂಡರೆ ಬರೆಯುವವನಿಗೆ ಒಂದು ಫಜೀತಿ ಇದೆ. ಕೊಲೆ ನಡೆದ ರಾತ್ರಿ ನನ್ನ ಕಾದಂಬರಿಯ ಪೂವಯ್ಯ ಕಂಠಪೂರ್ತಿ ಕುಡಿದಿದ್ದ. ಎಲ್ಲಿದ್ದ, ಯಾರ ಜೊತೆ ಜಗಳವಾಡಿದ, ಒಂದೂ ಗೊತ್ತಿಲ್ಲ. ಇಂಥ ಕತೆಗಳಲ್ಲಿ ಕೊನೇ ಅಧ್ಯಾಯದ ಹೊತ್ತಿಗೆ ಸರಿಯಾಗಿ ಎಲ್ಲವೂ ನೆನಪಾಗಿಬಿಡುತ್ತದೆ. ನನಗೆ ಅದು ಒಗ್ಗಲಿಲ್ಲ. ಪೂರ್ತಿ ಬ್ಲ್ಯಾಕ್‌ಔಟ್ ಆದ ಹೊತ್ತಿನದ್ದನ್ನು ಮೆದುಳು ಬರೆದುಕೊಂಡೇ ಇರುವುದಿಲ್ಲ ಎಂದು ಪರಿಚಯದ ಮನೋವೈದ್ಯರು ಹೇಳಿದ್ದರು. ಬರೆಯದ ಪುಟವನ್ನು ಎಷ್ಟು ತಿರುವಿದರೇನು? ಸಾಕ್ಷಿಗಳೆಲ್ಲ ಅವನ ತಲೆಯ ಹೊರಗೆ, ತೋಟದಲ್ಲೇ ಸಿಗಬೇಕು ಎಂದುಕೊಂಡೆ.

ತೋಟ ನನಗೆ ಗೊತ್ತು. ಕೊಡಗಿನ ಗೋಣಿಕೊಪ್ಪ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತನ ಕೆಲಸ. ಆಳುಗಳ ಹಾಜರಿಯ ಚೆಕ್‌ರೋಲ್, ಡೀಸೆಲ್ ಲೆಕ್ಕ, ಇಂಚು-ಸೆಂಟಿನ ಮಳೆ ಲೆಕ್ಕ, ಇವೇ ನನ್ನ ನಿತ್ಯದ ಬರವಣಿಗೆ. ಕಾದಂಬರಿ ಬರೆದದ್ದು ರಾತ್ರಿ ಹೊತ್ತು.

ಪೂವಯ್ಯನ ಎದುರಾಳಿ ಪಕ್ಕದ ತೋಟದ ಮಂದಣ್ಣ. ಹಗೆ ಹುಟ್ಟಿದ್ದು ಹಾಕಿ ಮೈದಾನದಲ್ಲಿ. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ 1997ರಲ್ಲಿ ಕರಡದಲ್ಲಿ ಶುರುವಾದ ಮೇಲೆ ಇಲ್ಲಿ ಏಪ್ರಿಲ್-ಮೇ ಬಂತೆಂದರೆ ಒಕ್ಕಕ್ಕೆ ಒಕ್ಕವೇ, ಅಂದರೆ ಇಡೀ ಕುಲವೇ, ಮೈದಾನದಲ್ಲಿರುತ್ತದೆ. ಚೆಂಡು ಗೆರೆ ದಾಟಿತೋ ಇಲ್ಲವೋ ಎನ್ನುವ ತಕರಾರನ್ನು ಇಬ್ಬರೂ ಐವತ್ತು ದಾಟಿದರೂ ಬಿಟ್ಟಿಲ್ಲ. ಸ್ಟಿಕ್ ಹಿಡಿಯಲು ಮೊಣಕಾಲು ಬಿಡದು. ಈಗ ಯಾರು ಮೊದಲು ಕುಡಿತ ಬಿಡುತ್ತಾರೆ ಎನ್ನುವುದರಲ್ಲಿ ಪೈಪೋಟಿ. ಮಂದಣ್ಣ ಗೆದ್ದಿದ್ದಾನೆ. ಮದುವೆ ಮನೆಗಳಲ್ಲಿ ಲೈಮ್ ಜ್ಯೂಸಿನ ಗ್ಲಾಸು ಎತ್ತಿ ಎಲ್ಲರಿಗೂ ತೋರಿಸುತ್ತಾ ತಿರುಗುತ್ತಾನೆ.

ಫೆಬ್ರವರಿಯ ಒಂದು ಬೆಳಿಗ್ಗೆ ಇಬ್ಬರ ತೋಟಕ್ಕೂ ನಡುವಿನ ಕೆರೆಯಲ್ಲಿ ಕರಿಮೆಣಸು ವ್ಯಾಪಾರಿಯ ಹೆಣ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯದೆ ರೊಬಸ್ಟಾ ಕಾಫಿಗೆ ನೀರು ಕೊಡುವ ಸಮಯ. "ರಾತ್ರಿಯಿಡೀ ಸ್ಪ್ರಿಂಕ್ಲರ್ ಹೊಡೀತಾ ಇದ್ದೆ" ಎನ್ನುತ್ತಾನೆ ಮಂದಣ್ಣ. ಲೈನ್ ಮನೆಯ ಕೂಲಿಯವರೂ "ಹೌದು ಸಾವ್ಕಾರ್ರೇ, ಬೆಳಗಿನವರೆಗೂ ಇಂಜಿನ್ ಸದ್ದು ಕೇಳ್ತಿತ್ತು" ಎನ್ನುತ್ತಾರೆ. ಪೊಲೀಸರು ಬರೆದುಕೊಂಡು ಹೋಗುತ್ತಾರೆ.

ಇಲ್ಲಿಂದ ಮುಂದೆ ಗುಟ್ಟು ಬಿಟ್ಟುಕೊಡುತ್ತಿದ್ದೇನೆ, ಪುಸ್ತಕ ಓದಬೇಕೆಂದಿರುವವರು ಈ ಪ್ಯಾರಾ ಹಾರಿಸಿ. ಇಂಜಿನ್ ತನ್ನಷ್ಟಕ್ಕೆ ಓಡುತ್ತದೆ, ಪೈಪು ಓಡುವುದಿಲ್ಲ. ಒಂದು ಕಡೆ ಕೆಲವು ಗಂಟೆ ಹೊಡೆದಾದ ಮೇಲೆ ಯಾರಾದರೂ ಟಾರ್ಚ್ ಹಿಡಿದು ಹೋಗಿ, ಕೆಸರಿನಲ್ಲಿ ಪೈಪು ಬಿಚ್ಚಿ ಮುಂದಿನ ಜಾಗದಲ್ಲಿ ಜೋಡಿಸಬೇಕು. ನೀರು ಬಿದ್ದ ಎಂಟು-ಹತ್ತು ದಿನಕ್ಕೆ ರೊಬಸ್ಟಾ ಹೂ ಬಿಡುತ್ತದೆ. ಮಂದಣ್ಣನ ತೋಟದಲ್ಲಿ ಮೊದಲು ಪೈಪು ಇಟ್ಟ ತುಂಡು ಮಾತ್ರ ಬೆಳ್ಳಗೆ ಅರಳಿತು. ಅದರಾಚೆ ಗಿಡಗಳ ಮೊಗ್ಗು ಮುಚ್ಚಿದ್ದು ಮುಚ್ಚಿದ ಹಾಗೇ. ಅಂದರೆ ಪೈಪು ಬದಲಾಯಿಸಲು ಅಲ್ಲಿ ಯಾರೂ ಇರಲಿಲ್ಲ. ಕೊಲೆ ಮಾಡಿದ್ದು ಅವನಲ್ಲ. ಆ ರಾತ್ರಿ ಅವನು ಊರಾಚೆಯ ಬಾರಿನಲ್ಲಿ ಕೂತಿದ್ದ. ಮತ್ತೆ ಕುಡಿಯಲು ಶುರುಮಾಡಿದ್ದು ಪೂವಯ್ಯನಿಗೆ ಗೊತ್ತಾಗುವುದಕ್ಕಿಂತ ಕೊಲೆ ಆರೋಪವೇ ವಾಸಿ ಎನ್ನಿಸಿತ್ತು ಅವನಿಗೆ.

ಹೂವಿಗೆ ಬೇಕಾದ ಆ ದಿನಗಳಲ್ಲೇ ಪೂವಯ್ಯನ ಚಿಕಿತ್ಸೆಯನ್ನೂ ಇಟ್ಟೆ. ಬಾಗಿಲು ಹಾಕಿಕೊಂಡು, ಹಲ್ಲು ಕಚ್ಚಿ, ಒಬ್ಬನೇ ಬಿಡುವ ದೃಶ್ಯ ಸಿನಿಮಾಕ್ಕೆ ಚೆಂದ. ವರ್ಷಗಟ್ಟಲೆ ವಿಪರೀತ ಕುಡಿದವರು ದಿಢೀರನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು-ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವ ಸನ್ನಿ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಹಾಗಾಗಿ ಅವನನ್ನು ಆಸ್ಪತ್ರೆ ಸೇರಿಸಿದೆ. ಥಯಾಮಿನ್ ಎಂಬ ವಿಟಮಿನ್ನಿನ ಇಂಜೆಕ್ಷನ್ನು, ನಡುಗುವ ಕೈಯಲ್ಲಿ ತುಳುಕುವ ಗಂಜಿ ಲೋಟ. ಮೂರನೇ ರಾತ್ರಿ ಕಿಟಕಿಯಲ್ಲಿ ವ್ಯಾಪಾರಿ ನಿಂತಿದ್ದಾನೆ ಎನ್ನುತ್ತಾನೆ, ಅದನ್ನು ಸಾಕ್ಷಿ ಎಂದು ಯಾರೂ ತೆಗೆದುಕೊಳ್ಳುವುದಿಲ್ಲ, ಅವನೂ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್‌ನವರು ಹೊರಗಿನವರಿಗೂ ತೆರೆದಿಡುವ ಸಭೆಗಳಿವೆ. ಅಲ್ಲಿ ಹೋಗಿ ಹಿಂದೆ ಕೂತೆ. ಅಲ್ಲಿ ಕೇಳಿದ ಯಾರ ಬದುಕನ್ನೂ ಕತೆಗೆ ಎತ್ತಿಕೊಳ್ಳಲಿಲ್ಲ, ಅಲ್ಲಿನ ಮಾತು ಹೊರಗೆ ಒಯ್ಯುವಂತಿಲ್ಲ. ಅವರ ಮಾತಿನ ಲಯ ಮಾತ್ರ ಕಿವಿಯಲ್ಲಿ ಉಳಿಯಿತು. ಯಾರೂ ಅಲ್ಲಿ ಭಾಷಣ ಬಿಗಿಯುವುದಿಲ್ಲ, ಆಗಾಗ ನಗುತ್ತಾರೆ ಕೂಡ.

ಬರೆಯಲು ಹೆಚ್ಚು ಕಾಲ ಹಿಡಿದದ್ದು ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿನ ಅಧ್ಯಾಯ. ಕೋವಿ, ಕತ್ತಿಗೆ ತೋಕ್ ಹೂ ಮುಡಿಸಿ ಪೂಜೆಯಾಗಿದೆ. ಕಾರಣವರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಮೀದಿ ಎಂಬ ಎಡೆ ಇಡಬೇಕು: ಅಕ್ಕಿಯ ಉಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ, ಜೊತೆಗೆ ಮದ್ಯ. ಮನೆಯ ಹಿರಿಯ ಪೂವಯ್ಯನೇ. ಹೆಂಡತಿ ಬಾಟಲಿಯ ಮುಚ್ಚಳ ತೆಗೆದು ಕೊಡುತ್ತಾಳೆ, ಅವನ ಮುಖ ನೋಡುವುದಿಲ್ಲ. ಅವನು ಸುರಿಯುತ್ತಾನೆ, ಬೆರಳಿಗೆ ತಾಗಿದ್ದನ್ನು ಪಂಚೆಗೆ ಒರೆಸಿಕೊಳ್ಳುತ್ತಾನೆ. ಮಂದಣ್ಣ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾನೆ. ಇಷ್ಟನ್ನೇ ಬರೆದು ನಿಲ್ಲಿಸಿದೆ. ಉಪದೇಶ ಸೇರಿಸುವ ಆಸೆ ಬಹಳ ಇತ್ತು.

ಪುಸ್ತಕದ ಕೊನೇ ಪುಟದಲ್ಲಿ ವ್ಯಸನಮುಕ್ತಿ ಸಹಾಯವಾಣಿ 14446 ಹಾಕಿಸಿದ್ದೇನೆ. ಓದಿದ ಬೆಳೆಗಾರರೊಬ್ಬರು ಫೋನ್ ಮಾಡಿ, ನೀರು ಕೊಟ್ಟು ಹತ್ತನೇ ದಿನ ಹೂ ಅಂತ ಬರೆದಿದ್ದೀರಿ, ನಮ್ಮಲ್ಲಿ ಎಂಟಕ್ಕೇ ಬರುತ್ತೆ ಎಂದು ಅರ್ಧ ಗಂಟೆ ವಾದಿಸಿದರು. ಆಮೇಲೆ, ಆ ನಂಬರು ಮತ್ತೊಂದು ಸಲ ಹೇಳಿ ಎಂದರು, ತಮ್ಮ ಮೇಸ್ತ್ರಿಗಂತೆ.